ಪೆಡಲಿನ ಪಿನ್ನು ನನ್ನ ಮುಷ್ಟಿಯಲ್ಲಿತ್ತು

ಮಾಣಿಕಪ್ಪ, ಆ ಪಿನ್ನು ಕದ್ದವಳು ನಾನು. ನೀವಲ್ಲ. ನಿಮ್ಮ ಕೈ ಮುರಿಯುತ್ತಿದ್ದಾಗ ಅದು ನನ್ನ ಮುಷ್ಟಿಯೊಳಗೇ ಇತ್ತು.

ಇಷ್ಟು ಬರೆಯಲಿಕ್ಕೇ ಅರ್ಧ ತಾಸು ಹಿಡಿಯಿತು. ಫೋನಿನಲ್ಲಿ ಅಕ್ಷರ ಒತ್ತುವುದನ್ನು ಮೊಮ್ಮಗಳು ಹೋದ ತಿಂಗಳಷ್ಟೇ ಕಲಿಸಿದ್ದಾಳೆ. ಅಜ್ಜಿ ಶೇಂಗಾ ಹೋಳಿಗೆ ಮಾಡುವ ಬಗೆ ಬರೆಯುತ್ತಿದ್ದಾಳೆ ಎಂದುಕೊಂಡಿದ್ದಾಳೆ — ಅಂದುಕೊಳ್ಳಲಿ. ನಾನು ಮೊದಲಿನಿಂದಲೂ ಕಿಡಿಗೇಡಿ. ಆ ದಿನವೂ ಶುರುವಾದದ್ದು ಕಿಡಿಗೇಡಿತನದಿಂದಲೇ. ನಿಮಗೆ ಎಲ್ಲ ನೆನಪಿರುತ್ತದೆ. ಆದರೂ ಪೂರ್ತಿ ಹೇಳುತ್ತೇನೆ, ನಿಮ್ಮ ಮಕ್ಕಳೂ ಓದಬೇಕು.

ತೊಂಬತ್ತರ ದಶಕದ ಕೊನೆ. ಬಸವಕಲ್ಯಾಣದ ನಮ್ಮ ಅಂಗಳದಲ್ಲಿ ಮಾವನವರ ಕರಿ ಕಾರು ವರ್ಷಗಟ್ಟಲೆ ನಿಂತಿತ್ತು. ಅದರ ಹಿಂದಿನ ಸೀಟಿನಲ್ಲಿ ಬೆಕ್ಕು ಎರಡು ಸಲ ಮರಿ ಹಾಕಿತ್ತು. ಅದನ್ನು ಮತ್ತೆ ಹೊಸದರಂತೆ ಮಾಡಿ ಓಡಿಸಬೇಕೆಂಬ ಹುಚ್ಚು ನನ್ನ ಗಂಡನಿಗೆ, ನಮ್ಮ ಮನೆಯವರಿಗೆ, ಹತ್ತಿತು. ಹುಮನಾಬಾದಿನಿಂದ ನಿಮ್ಮನ್ನು ಕರೆಸಿದರು. ಅಂಥ ಹಳೆ ಗಾಡಿ ಬಿಚ್ಚಿ ಕೂಡಿಸಬಲ್ಲ ಮಿಸ್ತ್ರಿ ಈ ಕಡೆ ನೀವೊಬ್ಬರೇ ಇದ್ದಿರಿ.

ನೀವು ಕಾರಿನ ಕೆಳಗೆ ಅಂಗಾತ ಮಲಗಿ, ತುಕ್ಕಿಗೆ ಸೀಮೆಎಣ್ಣೆ ಕುಡಿಸಿ, ಸ್ಪ್ರಿಂಗು ಕಳಚಿ, ಬ್ರೇಕು ಮತ್ತು ಕ್ಲಚ್ಚಿನ ಪೆಡಲ್‌ಗಳನ್ನು ಹೊರಗೆ ತೆಗೆದಿರಿ. ತೆಗೆದ ಪ್ರತಿ ಪಿನ್ನನ್ನೂ ಅದರದೇ ತೂತಿಗೆ ಮರಳಿ ಹಾಕಿ, ಮೇಲೆ ಅರಿವೆಯ ಚಿಂದಿ ಸುತ್ತಿ ಗಂಟು ಕಟ್ಟುತ್ತಿದ್ದಿರಿ. ಇದೇನು ಎಂದು ಕೇಳಿದ್ದಕ್ಕೆ, "ತನ್ನ ಮನಿ ಬಿಟ್ಟ ಪಿನ್ನು ಮತ್ತ ಕೈಗೆ ಸಿಗಂಗಿಲ್ರಿ ಅಕ್ಕಾರ" ಎಂದಿರಿ.

ಮರುದಿನ ಖಂಡೇನವಮಿ. ಅಂದು ಹತಾರಗಳಿಗೆ ಪೂಜೆ. ಯಾವುದನ್ನೂ ಕೆಲಸಕ್ಕೆ ಹಚ್ಚುವಂತಿಲ್ಲ. ಕುಡಗೋಲು, ಕೊಡಲಿಗಳ ಜೊತೆ ಆ ಪೆಡಲ್‌ಗಳೂ ದೇವರ ಜಗಲಿಯ ಮುಂದೆ ಇರಬೇಕೆಂದು ಮನೆಯವರ ಹುಕುಂ. ಒರೆಸಿ ವಿಭೂತಿ ಹಚ್ಚುವುದು ನನ್ನ ಕೆಲಸ. ದಸರೆಯ ದಿನ ಬನ್ನಿ ಕೊಡಲು ನನ್ನ ತವರು ನಿರ್ಣಾಕ್ಕೆ ಕರೆದೊಯ್ಯುವುದಾಗಿ ಅವರು ಮಾತು ಕೊಟ್ಟಿದ್ದರು. ಈಗ, ನಾಳೆ ಪೆಡಲ್ ಕೂಡಿಸುವುದಿದೆ, ಎಲ್ಲಿಗೂ ಬರುವುದಿಲ್ಲ ಎಂದುಬಿಟ್ಟರು.

ನಾನು ಗಂಟು ಬಿಚ್ಚಿ ಬ್ರೇಕಿನ ಪಿನ್ನು ಎಳೆದುಕೊಂಡೆ. ಕೆಲಸ ಒಂದು ದಿನ ನಿಲ್ಲುತ್ತದೆ, ನಾವು ನಿರ್ಣಾಕ್ಕೆ ಹೋಗಿ ಬರುತ್ತೇವೆ, ಆಮೇಲೆ ಪೂಜೆಯ ಒಣ ಹೂವಿನೊಳಗೆ ಸಿಕ್ಕಿತೆಂದು ತಂದುಕೊಟ್ಟು ನಗುವುದು — ಇಷ್ಟೇ ನನ್ನ ಲೆಕ್ಕ. ಇದಕ್ಕಿಂತ ದೊಡ್ಡ ಕಾರಣವಿತ್ತೆಂದು ಹೇಳಿಕೊಳ್ಳಬಹುದಿತ್ತು. ಇರಲಿಲ್ಲ.

ದಸರೆಯ ಬೆಳಿಗ್ಗೆ ನೀವು ಬಂದಿರಿ. ಬಿಚ್ಚಿದ ಚಿಂದಿ ನೋಡಿ ಮನೆಯವರಿಗೆ ಹೇಳಿದಿರಿ: "ಸಾವ್ಕಾರ್ರ, ನಾ ಕಟ್ಟಿದ ಗಂಟು ಯಾರೋ ಬಿಚ್ಚ್ಯಾರ್ರಿ. ಮನ್ಯಾಗ ಒಂದ್ ಸಲ ಕೇಳ್ರಿ."

ಅವರು ನನ್ನ ಕಡೆ ತಿರುಗಿದರು. ಆ ತಿರುಗುವಿಕೆ ನನಗೆ ಗೊತ್ತಿತ್ತು. ನನ್ನ ಬಲಗಿವಿ ಮಂದವಾದದ್ದು ಅವರ ಕೈಯಿಂದಲೇ. ಕೊಟ್ಟುಬಿಡಬೇಕೆಂದು ಪಿನ್ನನ್ನು ಸೆರಗಿನ ಗಂಟಿನಿಂದ ಮುಷ್ಟಿಗೆ ತಂದುಕೊಂಡಿದ್ದೆ — ತಂದುಕೊಂಡಿದ್ದೆ, ಮಾಣಿಕಪ್ಪ — ಆದರೆ ಬಾಯಿ ಬೇರೆಯೇ ಹೇಳಿತು.

"ನಾ ಯಾಕ ಮುಟ್ಟಲಿ? ಮಿಸ್ತ್ರಿ ಚೀಲಾ ನೋಡ್ರಿ."

ಅವರು ನಿಮ್ಮ ಚೀಲವನ್ನು ಕಲ್ಲಿನ ಮೇಲೆ ಬೋರಲು ಹಾಕಿದರು. ಪಾನಾ, ಸ್ಕ್ರೂಡ್ರೈವರುಗಳ ನಡುವೆ ನಾಲ್ಕೈದು ಪಿನ್ನು ಉರುಳಿದವು. ಯಾವ ಮಿಸ್ತ್ರಿಯ ಚೀಲದಲ್ಲಿ ಇರುವುದಿಲ್ಲ! ಒಂದನ್ನು ಎತ್ತಿ ನಿಮ್ಮ ಮುಖಕ್ಕೆ ಹಿಡಿದರು. ನೀವು ನಕ್ಕುಬಿಟ್ಟಿರಿ. ಅದು ಟ್ರ್ಯಾಕ್ಟರಿನದು, ಬೇಕಾದರೆ ಹಾಕಿ ನೋಡಿ ಎಂದಿರಿ.

ಅವರು ಹಾಕಿ ನೋಡಲಿಲ್ಲ. ಬ್ರೇಕ್ ಪೆಡಲನ್ನೇ ಎತ್ತಿಕೊಂಡರು. ನಾನು ಹಚ್ಚಿದ ವಿಭೂತಿ ಅದರ ಮೇಲೆ ಇನ್ನೂ ಇತ್ತು. ಮೊದಲ ಏಟು ಹೆಗಲಿಗೆ. ತಲೆ ಕಾಯಲು ನೀವು ಬಲಗೈ ಎತ್ತಿದಿರಿ, ಎರಡನೆಯದು ಅದಕ್ಕೆ ಬಿತ್ತು. ಹಸಿ ಜೋಳದ ದಂಟು ಮುರಿದ ಸಪ್ಪಳ. ನೀವು ಕುಸಿದಿರಿ, ಆ ಕೈ ನೆಲಕ್ಕೆ ಬಿತ್ತು. ಮೂರನೆಯದು ಬೆರಳುಗಳ ಮೇಲೆ, ಕೆಳಗೆ ಹಾಸುಗಲ್ಲು. ಆಮೇಲೆ ನಾನು ಎಣಿಸಲಿಲ್ಲ. ಕಳ್ಳ, ಕಳ್ಳ ಎಂದು ಅವರು ಒದರುತ್ತಿದ್ದರು, ಓಣಿಯ ಮಂದಿ ಬಾಗಿಲಲ್ಲಿ ನೆರೆದಿದ್ದರು. ನೀವು ಅವರ್ಯಾರನ್ನೂ ನೋಡಲಿಲ್ಲ. ಬಾಯಿತುಂಬ ರಕ್ತ ಇಟ್ಟುಕೊಂಡು ನನ್ನನ್ನು ನೋಡಿದಿರಿ.

"ಅಕ್ಕಾರ, ನೀವರ ಹೇಳ್ರಿ."

ನಾನು ಒಳಗೆ ಹೋದೆ.

ಪಿನ್ನನ್ನು ಹಿತ್ತಲ ಬಾವಿಗೆ ಒಗೆದೆ. ವಾರದ ಮೇಲೆ ಬೇರೆ ಮಿಸ್ತ್ರಿ ಬಂದ. ನಿಮ್ಮ ಚೀಲದ ಪಿನ್ನು ಆ ತೂತಿಗೆ ಹೋಗಲೇ ಇಲ್ಲ, ದಪ್ಪವಿತ್ತು. ಮನೆಯವರು ಅದನ್ನು ಬಹಳ ಹೊತ್ತು ಕೈಯಲ್ಲಿ ತಿರುಗಿಸಿದರು. ನನ್ನ ಮುಖ ನೋಡಿದರು. ಲೇತಿನಲ್ಲಿ ಹೊಸದು ಮಾಡಿಸಿಕೊಂಡು ಬಾ ಎಂದು ಅವನನ್ನು ಕಳಿಸಿದರು. ಅಂದಿನಿಂದ ಅವರು ನನ್ನ ಮೇಲೆ ಕೈ ಎತ್ತಲಿಲ್ಲ. ಒಂದು ಸಲವೂ ಇಲ್ಲ. ನಿಮ್ಮ ಕೈ ಮುರಿದು ನನ್ನ ಮೈ ಉಳಿಯಿತು — ಇದನ್ನು ಯಾರಿಗೂ ಹೇಳಿಲ್ಲ.

ಕೆಲವು ವರ್ಷಗಳ ನಂತರ, ಅದೇ ಕಾರಿನಲ್ಲಿ ಹುಮನಾಬಾದಿನ ಬಸ್ ನಿಲ್ದಾಣದ ಮುಂದೆ ಹೋಗುವಾಗ ನಿಮ್ಮನ್ನು ಕಂಡೆ. ಪಂಕ್ಚರ್ ಅಂಗಡಿ. ಬಲಗೈ ಎದೆಗೆ ಮಡಚಿಕೊಂಡು, ಎಡಗೈಯೊಂದರಿಂದಲೇ ಸೈಕಲ್ಲಿಗೆ ಗಾಳಿ ಹಾಕುತ್ತಿದ್ದಿರಿ. ಎಂಜಿನ್ ಬಿಚ್ಚಿ ಕೂಡಿಸಿದ ಕೈ. ಕಲ್ಯಾಣದ ಕಳ್ಳತನದ ಸುದ್ದಿ ನಿಮಗಿಂತ ಮೊದಲೇ ಊರು ಮುಟ್ಟಿ, ಯಾರೂ ನಿಮ್ಮ ಕೈಗೆ ಗಾಡಿ ಕೊಡಲಿಲ್ಲವೆಂದು ಆಮೇಲೆ ತಿಳಿಯಿತು. ನಾನು ಸೆರಗು ಮುಖದ ಮೇಲೆ ಎಳೆದುಕೊಂಡೆ.

ನಮ್ಮ ಮನೆಯವರು ತೀರಿಕೊಂಡು ಬಹಳ ಕಾಲವಾಯಿತು. ತಪ್ಪನ್ನು ಸತ್ತವರ ಮೇಲೆ ಹಾಕುವುದು ಸುಲಭ. ಪೆಡಲ್ ಎತ್ತಿದ್ದು ಅವರು, ಎತ್ತಿಸಿದವಳು ನಾನು. ಅಂಜಿಕೆ ಅವರೊಂದಿಗೇ ಹೋಗಿತ್ತಲ್ಲ, ಆಮೇಲೆ ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ —

ಇದನ್ನು ನಿಮ್ಮ ಮಗನ ಫೋನಿಗೆ ಕಳಿಸುತ್ತೇನೆ. ಆದರೆ ಕಳ್ಳ ಎಂಬ ಮಾತು ನಿಮಗೆ ಬಿದ್ದದ್ದು ಹತ್ತು ಮಂದಿಯ ಎದುರಿಗೆ. ಅದನ್ನು ಹೀಗೆ ಗುಟ್ಟಾಗಿ ಒರೆಸಲಾಗದು. ಸೋಮವಾರ ಬೆಳಿಗ್ಗೆ ಹುಮನಾಬಾದಿಗೆ ಬರುತ್ತೇನೆ. ನಿಮ್ಮ ಅಂಗಡಿಯ ಮುಂದೆ ನಿಂತು, ದಾರಿಯ ಮಂದಿಗೆ ಕೇಳುವ ಹಾಗೆ ಹೇಳುತ್ತೇನೆ. ಕ್ಷಮೆ ಕೇಳುವುದಿಲ್ಲ. ನೀವು ಎದ್ದು ಒಳಗೆ ಹೋದರೂ ಪೂರ್ತಿ ಹೇಳುತ್ತೇನೆ. ನಿಮ್ಮ ಹೆಂಡತಿ ನನ್ನ ಮುಖಕ್ಕೆ ಉಗುಳಿದರೆ, ಒರೆಸಿಕೊಳ್ಳದೆ ಹೇಳುತ್ತೇನೆ.