ಮುರಿದ ಹಲ್ಲಿನ ರಾಕ್ಷಸ

ಮಚ್ಚೇಂದ್ರ ಲಾರಿಗಳಿಗೆ ಬಣ್ಣ ಬರೆಯುವವ. ಮನೆ ಬಸವಕಲ್ಯಾಣದಲ್ಲಿ, ಕೆಲಸ ಹುಮನಾಬಾದಿನಲ್ಲಿ. ಮುಂಜಾನೆ ಬುತ್ತಿ ಕಟ್ಟಿಸಿಕೊಂಡು ಬಸ್ಸು ಹತ್ತಿದರೆ ಹೊತ್ತು ಮುಳುಗಿದ ಮೇಲೆ ಮೈತುಂಬ ಥಿನ್ನರ್ ವಾಸನೆ ಹೊತ್ತುಕೊಂಡು ಬರುತ್ತಿದ್ದ. ಹೈವೇ ದಂಡೆಯ ಗ್ಯಾರೇಜಿನಲ್ಲಿ ನಂಬರ್ ಪ್ಲೇಟು, ಮಾಲೀಕನ ಹೆಸರು, ನವಿಲು, ಕಮಲ ಎಲ್ಲ ಅವನ ಕೈಯಿಂದಲೇ ಆಗಬೇಕು. ಆದರೆ ಅವನು ಹೆಸರಾದದ್ದು ರಾಕ್ಷಸನ ಮಾರಿಗೆ, ಅಂದರೆ ಮುಖಕ್ಕೆ.

ಹೊಸ ಲಾರಿ ತಂದರೆ ಹಿಂದಿನ ತಗಡಿನ ಮೇಲೆ ಒಂದು ರಾಕ್ಷಸನ ಮಾರಿ ಬರೆಸುವುದು ಆ ಕಡೆಯ ರಿವಾಜು. ಗುಡ್ಡೆ ಕಣ್ಣು, ಕೆಂಪು ನಾಲಿಗೆ, ಕೋರೆಹಲ್ಲು. ಹಾದಿಯಲ್ಲಿ ನೋಡುವವರ ಕೆಟ್ಟ ಕಣ್ಣು ಲಾರಿಗೆ ತಾಗಬಾರದು. ಆ ಮಾರಿಯ ಮೇಲೆ ಬಿದ್ದು ಅಲ್ಲೇ ಸುಟ್ಟು ಹೋಗಬೇಕು. ಉಳಿದ ಪೇಂಟರುಗಳ ರಾಕ್ಷಸರು ಒಬ್ಬಳೇ ತಾಯಿಯ ಹೊಟ್ಟೆಯಿಂದ ಬಂದವರ ಹಾಗೆ ಇರುತ್ತಿದ್ದರು. ಮಚ್ಚೇಂದ್ರನ ರಾಕ್ಷಸರು ಹಾಗಲ್ಲ. ಒಬ್ಬನಿಗೆ ಹಸಿರು ಮಾರಿ, ಒಬ್ಬನಿಗೆ ಹಣೆಯಲ್ಲಿ ಬಲ್ಬು, ಒಬ್ಬನಿಗೆ ತಲೆ ಕೂದಲೆಲ್ಲ ಹಾವು. ಇವರನ್ನೆಲ್ಲ ಅವನು ತರುತ್ತಿದ್ದದ್ದು ಕಾಮಿಕ್ಸಿನಿಂದ. ಹುಮನಾಬಾದ್ ಬಸ್ ಸ್ಟ್ಯಾಂಡಿನ ಎದುರು ಒಂದು ಡಬ್ಬಾ ಅಂಗಡಿಯವ ಹಿಂದಿ ಕಾಮಿಕ್ಸುಗಳನ್ನು ಹಗ್ಗಕ್ಕೆ ತೂಗಿಬಿಟ್ಟು ಬಾಡಿಗೆಗೆ ಕೊಡುತ್ತಿದ್ದ. ಬಸ್ಸಿಗೆ ಕಾಯುವವರು ಕಟ್ಟೆಯ ಮೇಲೆ ಕೂತು ಓದಿ ತಿರುಗಿ ಕೊಡಬೇಕು. ಮಚ್ಚೇಂದ್ರ ಅದನ್ನು ಓದುತ್ತ ಕೂತು ಎಷ್ಟೋ ಸಲ ಬಸ್ಸು ತಪ್ಪಿಸಿಕೊಂಡಿದ್ದ. ಹರಿದು ಹಳತಾದವನ್ನು ಅಗ್ಗಕ್ಕೆ ಕೊಂಡು ಮನೆಗೂ ತರುತ್ತಿದ್ದ.

ಅಂಬುಬಾಯಿ ಮದುವೆಯಾಗಿ ಬಂದದ್ದು ತೊಂಬತ್ತೈದರಲ್ಲಿ. ಪಲ್ಲಂಗದ ಕೆಳಗೆ ಒಂದು ತಗಡಿನ ಟ್ರಂಕು ಕಂಡಳು. ಗಂಡ ಹೊರಗೆ ಹೋದಾಗ ತೆರೆದು ನೋಡಿದಳು. ಸೀರೆ ಇರಬಹುದು ಅಂದುಕೊಂಡಿದ್ದಳು. ಬರೀ ಚಿತ್ರದ ಪುಸ್ತಕ. ಅವಳು ಕಲಿತದ್ದು ಮೂರನೇ ಇಯತ್ತೆ, ಅದೂ ಕನ್ನಡ. ಹಿಂದಿ ಅಕ್ಷರ ತಿಳಿಯದು. ಚಿತ್ರ ನೋಡಿ ಗಂಡನನ್ನು ಕೇಳಿದಳು.

“ಇಂವ ಯಾರ್ರಿ, ಚಡ್ಡಿ ಪ್ಯಾಂಟಿನ ಮ್ಯಾಲ ಹಾಕ್ಕೊಂಡಾನ?”

“ಹೀರೋ.”

“ಬೆನ್ನಿಗಿ ದುಪ್ಪಟಾ ಯಾಕ ಕಟ್ಟ್ಯಾನ?”

“ಹಾರಾಕ.”

“ದುಪ್ಪಟಾ ಕಟ್ಟಿದ್ರ ಹಾರತಾರಂದ್ರ ನಾ ಯಾಕ ನೀರಿಗಿ ನಡಕೋತ ಹೋಗಾಕತ್ತೇನಿ?”

ಮಚ್ಚೇಂದ್ರ ನಕ್ಕ. ಅವನ ಮುಂದಿನ ಒಂದು ಹಲ್ಲು ಅರ್ಧ ಮುರಿದಿತ್ತು. ಬಣ್ಣದ ಡಬ್ಬಿಯ ಮುಚ್ಚಳವನ್ನು ಬಾಯಿಯಿಂದ ಕೀಳಲು ಹೋಗಿ ಮುರಿದುಕೊಂಡದ್ದು. ನಕ್ಕರೆ ಆ ಸಂದಿಯಿಂದ ಗಾಳಿ ಸುಂಯ್ ಅನ್ನುತ್ತಿತ್ತು.

ಅವನಿಗೆ ಹೀರೋಗಳು ಸೇರುತ್ತಿರಲಿಲ್ಲ. ಊಟಕ್ಕೆ ಕೂತರೆ ಅದೇ ಮಾತು. “ಹೀರೋಗ ಏನ ಕೆಲಸ ಅದ ಹೇಳು. ಎತ್ತರದ ಬಿಲ್ಡಿಂಗ್ ಮ್ಯಾಲ ನಿಂದರೋದು. ನಮ್ಮ ಹುಮನಾಬಾದಿಗಿ ಬಂದ್ರ ನೀರಿನ ಟಾಕಿ ಮ್ಯಾಲ ನಿಂದರಬೇಕು, ಪಾರಿವಾಳದ ಜೋಡಿ. ವಿಲನ್‌ನ ನೋಡು. ಮಷೀನೂ ಅವನ ಮಾಡಬೇಕು, ಆಳೂ ಅವನ ಹಿಡಿಬೇಕು, ಹೊಂಚೂ ಅವನ ಹಾಕಬೇಕು. ಕಡೀ ಪುಟದಾಗ ಎಲ್ಲಾ ಹಾಳ. ಮುಂದಿನ ಪುಸ್ತಕದಾಗ ಮತ್ತ ಮೊದಲಿಂದ ಶುರು. ದುಡಿಯಾಂವ ಅಂದ್ರ ಅಂವ.”

“ದುಡಿದು ಏನ ಮಾಡತಾನ? ಮಂದಿ ಮನಿ ಕೆಡವತಾನ.”

“ಅದು ಬಿಡು. ಮೈಗಳ್ಳ ಅಲ್ಲ ಅಂದೆ.”

ಅಂಬುಬಾಯಿ ಹೀರೋನನ್ನೂ ನೋಡುತ್ತಿರಲಿಲ್ಲ, ವಿಲನ್‌ನನ್ನೂ ನೋಡುತ್ತಿರಲಿಲ್ಲ. ಚಿತ್ರದ ತಳದಲ್ಲಿ ಸಣ್ಣ ಸಣ್ಣ ಮಂದಿ ಕೈ ಮೇಲೆತ್ತಿ ಓಡುತ್ತಿದ್ದರು. ಅವರ ಮೇಲೆ ಬೆರಳಿಟ್ಟು ಒಮ್ಮೆ ಕೇಳಿದಳು. “ಇವ್ರ ಹೆಸರೇನ್ರಿ?”

ಅವನು ಪುಸ್ತಕ ಹತ್ತಿರ ಹಿಡಿದು ನೋಡಿದ. “ಇವ್ರಿಗಿ ಹೆಸರಿಲ್ಲ. ಓಡೋ ಮಂದಿ.”

“ಹೀರೋ ಬರೋತನಾ ಇವ್ರ ಮನಿ ಬಿದ್ದ ಹೋಗಿರತಾವಲ್ಲ. ಅವು ಯಾರ ಕಟ್ಟಿ ಕೊಡತಾರ?”

“ಅದು ಇದರಾಗ ಬರದಿಲ್ಲ,” ಅಂದ ಮಚ್ಚೇಂದ್ರ. ಅವತ್ತು ಮತ್ತೆ ಪುಸ್ತಕ ತೆರೆಯಲಿಲ್ಲ.

ಓಣಿಯಲ್ಲಿ ಮೊದಲು ಕೇಬಲ್ ಹಾಕಿಸಿದ್ದು ಎದುರು ಮನೆಯ ಮುನ್ನಿ ಬೀ. ರವಿವಾರ ಮಚ್ಚೇಂದ್ರ ಅಲ್ಲಿ ಹೋಗಿ ಹುಡುಗರ ನಡುವೆ ಕೂತು ಕಾರ್ಟೂನು ನೋಡುತ್ತಿದ್ದ. ಕಾರ್ಟೂನಿನ ವಿಲನ್ ಅಂದರೆ ಅವನಿಗೆ ಜೀವ. ಮನೆಗೆ ಬಂದು ಹೆಂಡತಿಗೆ ಮಾಡಿ ತೋರಿಸುವನು. “ಬಂಡಿ ಮೈಮ್ಯಾಲ ಬಿತ್ತು. ರೊಟ್ಟಿ ಹಂಗ ಚಪ್ಪಟಿ ಆದ. ಸತ್ತ ಅಂತಿ ಏನ? ಎದ್ದು ಝಾಡಿಸ್ಕೊಂಡು ಹೋದ. ಅವಂಗ ಸಾವಿಲ್ಲ, ಅಂಬೂ. ಹೀರೋಗರೆ ಅದ. ಪುಸ್ತಕ ಖಪಲಿಲ್ಲಂದ್ರ, ಮಂದಿ ಕೊಳ್ಳಲಿಲ್ಲಂದ್ರ, ಹೀರೋನ್ನ ಸಾಯಿಸ್ತಾರ.”

ಮಗಳು ಆಮ್ರಪಾಲಿ ಹುಟ್ಟಿ ಓಡಾಡುವ ಹೊತ್ತಿಗೆ ಪೀರ್ ಪಾಷಾ ಲಾರಿ ಕೊಂಡ. ಪೀರ್ ಪಾಷಾ ಮಚ್ಚೇಂದ್ರನ ದೋಸ್ತ. ಮಂದಿಯ ಲಾರಿ ಓಡಿಸಿ ಓಡಿಸಿ ನಡ ಬಾಗಿದ ಮೇಲೆ ಅವನದೇ ಅಂತ ಒಂದು ಬಂತು. “ಮಚ್ಚಿಂದರ್, ಪುಣಾದಿಂದ ಹೈದರಾಬಾದ್ ತನಾ ಯಾವ ಲಾರಿಗೂ ಇರಬಾರದು, ಅಂಥಾ ಮಾರಿ ಹಾಕು,” ಅಂದ.

ಮಚ್ಚೇಂದ್ರ ಟ್ರಂಕು ಪೂರಾ ತಡವಿದ. ಅಲ್ಲಿದ್ದವರನ್ನೆಲ್ಲ ಆಗಲೇ ಯಾವುದಾದರೂ ಲಾರಿಗೆ ಬರೆದು ಮುಗಿಸಿದ್ದ. ಮರುದಿನ ಗ್ಯಾರೇಜಿನಲ್ಲಿ ಲಾರಿಯ ಬದಿಯ ಕನ್ನಡಿ ಬಿಚ್ಚಿ ಎದುರಿಗೆ ಇಟ್ಟುಕೊಂಡು ಕೂತ. ಹಸಿರು ಬಣ್ಣ, ಕೊಂಬು, ನಾಲಿಗೆ ರಾಕ್ಷಸನವು. ಕಣ್ಣು, ಮೂಗು, ನಗು ಅವನವೇ. ಕೋರೆಹಲ್ಲುಗಳ ನಡುವೆ ಅರ್ಧ ಮುರಿದ ಒಂದು ಹಲ್ಲು.

ಪೀರ್ ಪಾಷಾ ಲಾರಿಯನ್ನು ಬಸವಕಲ್ಯಾಣಕ್ಕೆ ತಂದು ಓಣಿಯ ಬಾಯಿಗೆ ನಿಲ್ಲಿಸಿದ. ಓಣಿಯೆಲ್ಲ ಬಂದು ನಕ್ಕಿತು. ಆಮ್ರಪಾಲಿ ತಗಡಿಗೆ ಬೆರಳು ಮಾಡಿ “ಅಪ್ಪಾ” ಅಂದಳು.

ಅಂಬುಬಾಯಿ ಸೆರಗು ಬಾಯಿಗೆ ಹಿಡಿದು ನೋಡಿದಳು. “ಹಲ್ಲು ತಪ್ಪ್ಯಾದಲ್ರಿ. ನಿಮ್ದು ಈ ಕಡೀ ಮುರದದ, ಅಲ್ಲಿ ಆ ಕಡೀ ಮುರದದ.”

“ಕನ್ನಡ್ಯಾಗ ನೋಡಿ ಬರದೀನಿ. ಕನ್ನಡಿ ಉಲ್ಟಾ ಹೇಳತದ.”

ಮುನ್ನಿ ಬೀ ಒಬ್ಬಳೇ ನಗಲಿಲ್ಲ. “ಅಲ್ಲೋ ಮಚ್ಚೇಂದ್ರ, ಮಂದಿ ನಜರ್ ಬೀಳ್ಲಿ ಅಂತ ಬರಿಯೋ ಮಾರಿ ಅದು. ಅಲ್ಲಿ ನಿಂದ್ಯಾಕ ಇಟ್ಟಿ?”

“ನಾವು ಬುದ್ಧನ ಮಂದಿ, ಮುನ್ನಿ ಬೀ. ನಜರ್ ಗಿಜರ್ ನಂಬಂಗಿಲ್ಲ.”

“ನೀ ನಂಬಲಿಲ್ಲಂದ್ರ ನಜರ್ ಬಿಡತದೇನ?”

“ಬಿಡಲಿಲ್ಲಂದ್ರ ಎದ್ದು ಝಾಡಿಸ್ಕೋತೀನಿ, ನಿಮ್ಮ ಟೀವಿಯಾಗಿನಾಂವನ ಹಂಗ.”

ಗ್ಯಾರೇಜಿನವ ಗಾಳಿ ಮಷೀನು ತಂದ. ಬ್ರಶ್ಶಿನ ಕೆಲಸ ಕಡಿಮೆಯಾಗಿ ಪಿಚಕಾರಿಯಲ್ಲಿ ಬಣ್ಣ ಹೊಡೆಯುವುದು ಶುರುವಾಯಿತು. ಮಚ್ಚೇಂದ್ರ ಮೂಗಿಗೆ ಬಟ್ಟೆ ಕಟ್ಟುತ್ತಿರಲಿಲ್ಲ. ಬಟ್ಟೆ ಕಟ್ಟಿದರೆ ಹೀರೋನ ಹಾಗೆ ಕಾಣುತ್ತೇನೆ ಅನ್ನುವನು. ಮೊದಲು ಕೆಮ್ಮು ಬಂತು. ಆಮೇಲೆ ಬಸ್ಸಿನ ಮೆಟ್ಟಿಲು ಹತ್ತುವುದು ಆಗದಾಯಿತು. ಬೀದರಿನ ಡಾಕ್ಟರು ಎದೆಯ ಫೋಟೋ ಬೆಳಕಿಗೆ ಹಿಡಿದು, ಬಣ್ಣದ ಹೊಗೆ ಒಳಗೆ ಕೂತಿದೆ, ಹೋಗುವಂಥದ್ದಲ್ಲ ಅಂದರು. ಗುಳಿಗೆ ಬರೆದುಕೊಟ್ಟರು. ಮಚ್ಚೇಂದ್ರ ಪಲ್ಲಂಗ ಹಿಡಿದ.

ಗುಳಿಗೆ ಹತ್ತಲಿಲ್ಲ. ಒಂದು ಮಂಗಳವಾರ ಮುನ್ನಿ ಬೀ ಉಪ್ಪು, ಸಾಸಿವೆ, ಒಣ ಮೆಣಸಿನಕಾಯಿ ಮುಷ್ಟಿಯಲ್ಲಿ ತಂದು ಅವನಿಗೆ ನಿವಾಳಿಸಿ ನಜರ್ ಇಳಿಸಿ ಒಲೆಗೆ ಹಾಕಿದಳು. ಮೆಣಸಿನಕಾಯಿ ಉರಿಯಿತು. ಘಾಟು ಏಳಲಿಲ್ಲ. ಘಾಟು ಏಳದಿದ್ದರೆ ನಜರ್ ಗಟ್ಟಿ ಅಂತ ಅರ್ಥ.

ಮುನ್ನಿ ಬೀ ಹೊರಗೆ ಬಂದು ಅಂಬುಬಾಯಿಯ ಕೈ ಹಿಡಿದಳು. “ನಾ ಇಲ್ಲಿ ಇಳಿಸಿ ಏನ ಮಾಡ್ಲಿ? ಅವನ ಮಾರಿ ಅಲ್ಲಿ ರೋಡಿನ ಮ್ಯಾಲ ಅದ. ದಿನಾ ಎಷ್ಟ ಊರಿನ ಕಣ್ಣು ಬೀಳತಾವ ಅದಕ್ಕ. ಆ ಮಾರಿ ಇರೋತನಾ ಇಂವ ಏಳಾಂಗಿಲ್ಲ.”

ಮನೆಯ ಗೋಡೆಗೆ ಬುದ್ಧನ ಫೋಟೋ, ಬಾಬಾಸಾಹೇಬರ ಫೋಟೋ. ಅವರೆದುರು ಕೂತು ಅಂಬುಬಾಯಿ ಬಹಳ ಹೊತ್ತು ಯೋಚಿಸಿದಳು. ನಂಬಬಾರದು ಅಂತ ಗೊತ್ತಿತ್ತು. ಒಳಗಿಂದ ಕೆಮ್ಮು ಕೇಳುತ್ತಲೇ ಇತ್ತು. ಗಂಡನಿಗೆ ಹೇಳದೆ ಹುಮನಾಬಾದ್ ಬಸ್ಸು ಹತ್ತಿದಳು.

ಪೀರ್ ಪಾಷಾನ ಲಾರಿ ತೊಗರಿ ತುಂಬಿಕೊಂಡು ಮಧ್ಯಾಹ್ನ ಗ್ಯಾರೇಜಿಗೆ ಬಂತು. ಅವಳು ವಿಷಯ ಹೇಳಿದಳು. ಅವನು ಟವೆಲಿನಿಂದ ಮಾರಿ ಒರೆಸಿಕೊಂಡ.

“ಭಾಭಿ, ಹಂಗ ಅನಬ್ಯಾಡ್ರಿ. ಈ ಮಾರಿ ಬಂದ ಮ್ಯಾಲ ಲಾರಿಗಿ ಒಂದ ಗೀರ ಬಿದ್ದಿಲ್ಲ.”

“ಅದಕ್ಕ ಹೇಳಾಕತ್ತೇನಿ, ಭಾಯಿ. ನಿಮಗ ಬೀಳೋದೆಲ್ಲ ಅವರಿಗಿ ಬಿದ್ದದ.”

ಪೀರ್ ಪಾಷಾ ಟವೆಲು ಹೆಗಲಿಗೆ ಹಾಕಿಕೊಂಡ. ಒಳಗೆ ಹೋಗಿ ಥಿನ್ನರ್ ಡಬ್ಬಿ, ಚಿಂದಿ, ಬಣ್ಣ ಕೆರೆಯುವ ತಗಡು ತಂದು ಅವಳ ಮುಂದೆ ಇಟ್ಟ. “ನನ್ನ ಕೈಲಿಂದ ಆಗಂಗಿಲ್ಲ. ದೋಸ್ತ ಇದ್ದಾನ ಅಂವ,” ಅಂದು ಚಹಾದ ಅಂಗಡಿಗೆ ಹೋಗಿ ಈ ಕಡೆಗೆ ಬೆನ್ನು ಮಾಡಿ ಕೂತ.

ಅಂಬುಬಾಯಿ ಲಾರಿಯ ಹಿಂದೆ ನಿಂತಳು. ಮಚ್ಚೇಂದ್ರ ನಗುತ್ತಿದ್ದ. ಮನೆಯಲ್ಲಿದ್ದವನು ಎಲುಬಾಗಿದ್ದ. ಇವನು ದುಂಡಗೆ, ಹಸಿರಾಗಿ, ಸಂತೋಷವಾಗಿದ್ದ. ಕಣ್ಣು ತನ್ನನ್ನೇ ನೋಡುತ್ತಿವೆ ಅನಿಸಿತು. ಅದಕ್ಕೆ ಮೊದಲು ಕಣ್ಣನ್ನೇ ಒರೆಸಿದಳು. ಆಮೇಲೆ ಮೂಗು. ಹಸಿರು ಬಣ್ಣ ಮೊಣಕೈ ತನಕ ಇಳಿಯಿತು. ಹಲ್ಲು ಮಾತ್ರ ಒರೆಸಿದರೆ ಹೋಗಲಿಲ್ಲ. ತಗಡಿನಿಂದ ಕೆರೆದಳು. ಬಿಳಿ ಹೋಗಿ ಕೆಂಪು ಬಂತು, ಕೆಂಪು ಹೋಗಿ ಬರೀ ಲಾರಿಯ ತಗಡು ಬಂತು. ಆಗ ಬಿಟ್ಟಳು.

ಮನೆಗೆ ಬಂದು ಸೋಪು ಹಚ್ಚಿ ತಿಕ್ಕಿ ಕೈ ತೊಳೆದಳು. ನೀರು ಕುಡಿಸಲು ಹೋದಾಗ ಮಚ್ಚೇಂದ್ರ ಅವಳ ಕೈ ಮೂಗಿನ ಹತ್ತಿರ ಎಳೆದುಕೊಂಡ. ಆ ಥಿನ್ನರ್ ವಾಸನೆ, ಉಗುರಿನ ಸಂದಿಯ ಆ ಹಸಿರು ಅವನಿಗೆ ಗೊತ್ತಿರದೆ ಇನ್ನು ಯಾರಿಗೆ ಗೊತ್ತು.

“ಎಲ್ಲಿಂದ ಶುರು ಮಾಡ್ದಿ?” ಕೇಳಿದ.

“ಕಣ್ಣಿಂದ.”

“ಹಲ್ಲು?”

“ಕಡೀಕ. ಭಾಳ ಗಟ್ಟಿ ಇತ್ತು.”

“ಇರಬೇಕು. ಮತ್ತ ಮತ್ತ ಕೋಟ್ ಹೊಡದಿದ್ದೆ ಅದಕ್ಕ.” ನಗಲು ಹೋದ, ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಅವಳು ಅಂದಳು, “ಈಗರೆ ಏಳ್ರಿ. ಎದ್ದು ಝಾಡಿಸ್ಕೋರಿ.”

ಅವನು ಗೋಡೆಯ ಕಡೆಗೆ ಹೊರಳಿ ಮಲಗಿದ.

ಏಳಲಿಲ್ಲ. ಸೀತನಿ ಸುಡುವ ಕಾಲ ಬರುವ ಮೊದಲೇ ತೀರಿಹೋದ. ಜೋಳದ ತೆನೆಯಲ್ಲಿ ಇನ್ನೂ ಹಾಲು ತುಂಬಿರಲಿಲ್ಲ.

ತೀರಿದವರ ಪುಣ್ಯಾನುಮೋದನಕ್ಕೆ ಬೌದ್ಧ ಭಿಕ್ಷು ಭಂತೇಜಿ ಬರುವವರಿದ್ದರು. ಬುದ್ಧನ ಫೋಟೋದ ಕೆಳಗೆ ಹೋದವರ ಫೋಟೋ ಇಟ್ಟು ಹೂವು ಹಾಕುವುದು ಪದ್ಧತಿ. ಅಂಬುಬಾಯಿ ಮದುವೆಯ ಫೋಟೋ ಹುಡುಕಿದಳು. ಮಾಡಿನ ಪತ್ರಾಸು ಸೋರಿ, ಫೋಟೋ ಗಾಜಿಗೆ ಅಂಟಿ, ಎಳೆದರೆ ಮಾರಿ ಗಾಜಿಗೇ ಹತ್ತಿಕೊಂಡು ಉಳಿಯಿತು. ಉಳಿದದ್ದು ವೋಟಿನ ಕಾರ್ಡು ಒಂದೇ. ಅದನ್ನು ಒಯ್ದು ಸ್ಟುಡಿಯೋದವನಿಗೆ ಕೊಟ್ಟಳು. ಅವನು ತಿರುಗಿಸಿ ತಿರುಗಿಸಿ ನೋಡಿದ.

“ಇದರಾಗ ಮನಷ್ಯಾ ಎಲ್ಲಿದ್ದಾನವ್ವಾ? ಎರಡು ಕಿವಿ ಅವ, ನಡುವ ಮಸಿ ಅದ. ದೊಡ್ಡದ ಮಾಡಿದ್ರ ಮಸಿ ದೊಡ್ಡದಾಗತದ, ಅಷ್ಟ.”

ಭಂತೇಜಿ ಬಂದರು. ಗಾಥೆ ಹೇಳಿದರು. ಹೂವನ್ನು ಫೋಟೋ ಇಲ್ಲದ ಖಾಲಿ ಮಣೆಯ ಮೇಲೆ ಇಟ್ಟರು. ಮಂದಿ ಉಂಡು ಹೋದರು. ಆಮ್ರಪಾಲಿ ಟ್ರಂಕು ಎಳೆದು ತೆರೆದು ಎಲ್ಲ ಪುಸ್ತಕ ನೆಲದ ಮೇಲೆ ಹರವಿಕೊಂಡು ಕೂತಿದ್ದಳು. ಹಸಿರು ಮಾರಿಯವರು, ಬಲ್ಬಿನವರು, ಹಾವಿನವರು, ಎಲ್ಲರೂ ಬಾಯಿ ತೆರೆದು ನಗುತ್ತಿದ್ದರು.

“ಅವ್ವಾ, ಇವ್ರಾಗ ಅಪ್ಪ ಯಾರು?”

ಅಂಬುಬಾಯಿ ಒಂದೊಂದೇ ನೋಡಿದಳು. ಯಾರ ಹಲ್ಲೂ ಮುರಿದಿರಲಿಲ್ಲ.

ಅಷ್ಟರಲ್ಲಿ ಓಣಿಯ ಬಾಯಿಗೆ ಲಾರಿ ನಿಂತ ಸಪ್ಪಳವಾಯಿತು. ಪೀರ್ ಪಾಷಾ ಒಳಗೆ ಬಂದು ಕೈ ಜೋಡಿಸಿ, ಹಾದಿಯಲ್ಲಿ ತಡವಾಯಿತು ಅಂದ. ಅವನು ನೀರು ಕುಡಿಯುವ ಹೊತ್ತಿಗೆ ಆಮ್ರಪಾಲಿ ಓಡಿ ಲಾರಿಯ ಹಿಂದೆ ಹೋಗಿದ್ದಳು. ಅಂಬುಬಾಯಿಯೂ ಹೋದಳು. ಕೆರೆದ ಜಾಗ ಹಾಗೇ ಇತ್ತು. ಪೀರ್ ಪಾಷಾ ಅಲ್ಲಿ ಏನೂ ಬರೆಸಿರಲಿಲ್ಲ. ಅವಳು ಹೆಚ್ಚು ಕೆರೆದಲ್ಲಿ ಹೆಚ್ಚು ಕೆಂಪು ಜಂಗು ಹಿಡಿದಿತ್ತು.

“ಗ್ಯಾರೇಜಿನ್ಯಾಗ ಈಗ ಅಂಟಸೋ ಚಿತ್ರ ಬಂದಾವ, ಭಾಭಿ,” ಅಂದ ಹಿಂದೆ ಬಂದ ಪೀರ್ ಪಾಷಾ. “ಎಲ್ಲಾ ದುಪ್ಪಟಾ ಕಟ್ಟಿದ ಹೀರೋಗಳು. ಹಚ್ಚು ಅಂತಾರ. ನಾ ಬ್ಯಾಡಂದೀನಿ.”

“ಅಪ್ಪನ ಮುರದ ಹಲ್ಲು ಯಾ ಕಡೀ ಇತ್ತವ್ವಾ?” ಅಂದಳು ಆಮ್ರಪಾಲಿ.

ಅಂಬುಬಾಯಿ ತಗಡಿನ ಮೇಲೆ ಬೆರಳಿಟ್ಟಳು. “ಇಲ್ಲಿ.” ಬೆರಳು ತೆಗೆದು ಇನ್ನೊಂದು ಕಡೆ ಇಟ್ಟಳು. ಲಾರಿಯ ಮೇಲಿದ್ದದ್ದು ಕನ್ನಡಿಯದು. ಅವನದು ಅದರ ಉಲ್ಟಾ. ಹಾಗಾದರೆ ಮೊದಲು ಇಟ್ಟದ್ದು ಲಾರಿಯದೋ, ಅವನದೋ? ಕಣ್ಣು ಮುಚ್ಚಿದಳು. ಅವನು ನಗುವುದು ಕೇಳಿಸಿತು, ಗಾಳಿ ಸುಂಯ್ ಅನ್ನುವುದು ಕೇಳಿಸಿತು. ಬಾಯಿ ಕಾಣಲಿಲ್ಲ.

“ಭಾಯಿ, ಲಾರಿ ಮ್ಯಾಲಿಂದು ಯಾ ಕಡೀ ಇತ್ತು, ನಿಮಗರೆ ನೆನಪ ಅದೇನ್ರಿ?”

ಪೀರ್ ಪಾಷಾ ಎಡಗೈ ಎತ್ತಿದ, ಇಳಿಸಿದ. “ನಾ ಯಾವಾಗ ನೋಡೀನಿ, ಭಾಭಿ? ಮಾರಿ ಹಿಂದ ಇತ್ತು. ನಾ ಸದಾ ಮುಂದ ಕುಂತಾಂವ.”

ಲೋಡು ಮುಟ್ಟಿಸುವುದಿತ್ತು, ಅವನು ಹೊರಟ. ಲಾರಿ ತಿರುವು ದಾಟುವ ತನಕ ಆಮ್ರಪಾಲಿ ತಗಡನ್ನೇ ನೋಡುತ್ತಿದ್ದಳು. ಅಂಬುಬಾಯಿಯ ಬೆರಳಿಗೆ ಜಂಗು ಹತ್ತಿತ್ತು. ಸೀರೆಗೆ ಒರೆಸಿಕೊಂಡಳು. ಒಳಗೆ ಹೋಗಿ ನೆಲದ ಮೇಲೆ ನಗುತ್ತಿದ್ದವರನ್ನೆಲ್ಲ ಒಂದೊಂದಾಗಿ ಮುಚ್ಚಿ ಟ್ರಂಕಿಗೆ ಹಾಕಿದಳು.