ಬಯ್ಯಪ್ಪನ ಮೂರನೇ ಜೇನುಸಂಸಾರ

ಜಂಗಮಕೋಟೆಯ ಬಯ್ಯಪ್ಪ ಬೀಡಿ ಹಚ್ಚಿದರೆ ಚಿಕ್ಕಬಳ್ಳಾಪುರದ ಜನ ನಂದಿ ಬೆಟ್ಟದ ಕಡೆ ಮೋಡ ಕಟ್ಟಿತು ಅಂತ ಕೊಡೆ ಹುಡುಕುತ್ತಿದ್ದರು. ಬೀಡಿ ಆರಿದರೆ ಹೊಗೆಸೊಪ್ಪು, ಹೊಗೆಸೊಪ್ಪು ಉಗಿದರೆ ಮತ್ತೆ ಬೀಡಿ. ನನಗೆ ತಿಳಿದಂತೆ ಅವನ ಬಾಯಿ ಖಾಲಿ ಇದ್ದದ್ದು ಆಯುಸ್ಸಿನಲ್ಲಿ ಎರಡೇ ಸಲ. ಒಂದು, ತಾಳಿ ಕಟ್ಟುವಾಗ. ಇನ್ನೊಂದು ಮುಂದೆ ಬರುತ್ತೆ.

ಬೇರೆ ಊರಾಗಿದ್ದರೆ ಇದೊಂದು ದೊಡ್ಡ ವಿಷಯವೇ ಅಲ್ಲ. ನಮ್ಮದು ರೇಷ್ಮೆ ಊರು. ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಹಿಪ್ಪುನೇರಳೆ ಸೊಪ್ಪು ಮುಟ್ಟಿದರೂ ಸಾಕು, ಅದನ್ನು ತಿಂದ ಹುಳ ತಲೆ ಎತ್ತಿ, ಹಸಿರು ನೀರು ಕಕ್ಕಿ, ಪ್ರಾಣ ಬಿಡುತ್ತೆ. ಬಯ್ಯಪ್ಪನ ಹೆಂಡತಿ ಕೊಂಡಮ್ಮ ಹುಳ ಸಾಕುವುದರಲ್ಲಿ ಸುತ್ತ ಹತ್ತೂರಿಗೆ ಹೆಸರಾದವಳು. ಅವಳ ಹುಳ ಸೊಪ್ಪು ಮೇಯುವ ಸದ್ದಿಗೆ ಮಳೆ ಬಂತೆಂದು ಹೊಸ ನೆಂಟರು ಅಂಗಳಕ್ಕೆ ಓಡಿ ಬಟ್ಟೆ ತೆಗೆದದ್ದುಂಟು. ಸಾವಿರದ ಒಂಬೈನೂರ ಐವತ್ತೈದರಲ್ಲಿ ಒಂದು ದಿನ ಅವಳಿಗೆ ಮೈ ಸರಿಯಿಲ್ಲ ಅಂತ ಬಯ್ಯಪ್ಪನೇ ಪ್ರೀತಿಯಿಂದ ಹುಳಕ್ಕೆ ಸೊಪ್ಪು ಹಾಕಿದ. ಬೆಳಗಾಗುವಷ್ಟರಲ್ಲಿ ಐದು ತಟ್ಟೆ ಹುಳ ಮಲಗಿತ್ತು.

ಕೊಂಡಮ್ಮ ಬೈಯಲಿಲ್ಲ. ಬೈದಿದ್ದರೆ ಅವನಿಗೂ ನೆಮ್ಮದಿಯಾಗುತ್ತಿತ್ತು. ಸುಣ್ಣ ತಂದು ಹುಳದ ಮನೆ ಹೊಸ್ತಿಲ ಮುಂದೆ ಒಂದು ಗೆರೆ ಎಳೆದಳು.

"ಈ ಗೆರೆ ದಾಟಿದ್ರೆ ನಿನಗೂ ಹುಳದ ಗತೀನೇ."

"ಸೊಪ್ಪಾದ್ರೂ ಕೊಯ್ಕೊಂಡ್ ಬರ್ತೀನಿ ಕಣೇ."

"ಸೊಪ್ಪಿಗೂ ಬೇಡ, ತಟ್ಟೆಗೂ ಬೇಡ. ಜಗಲಿ ಮೇಲೆ ಕೂತ್ಕೊ."

ರೇಷ್ಮೆ ಊರಲ್ಲಿ ಹುಳ ಮುಟ್ಟದ ಗಂಡಸು ಅಂದರೆ ಮದುವೆಮನೆಯಲ್ಲಿ ಉಪವಾಸ ಕೂತವನಿದ್ದಂತೆ. ಬಯ್ಯಪ್ಪ ಎರಡು ವರ್ಷ ಜಗಲಿ ಮೇಲೆ ಕೂತ. ಅವನು ಕೂತ ಜಾಗದಲ್ಲಿ ಕಲ್ಲು ಒಂದು ಗೇಣು ಸವೆದು, ಮಳೆ ನೀರು ನಿಂತು, ಕಪ್ಪೆಗಳು ಸಂಸಾರ ಹೂಡಿದ್ದವು.

ಆಗ ಬಂದರು ನೋಡಿ ಜೇನು ಮೇಷ್ಟ್ರು. ಹೆಸರು ವೆಂಕಟೇಶಮೂರ್ತಿ. ಊರೂರಿಗೆ ಸೈಕಲ್ಲಿನಲ್ಲಿ ಹೋಗಿ ಜೇನು ಸಾಕುವುದು ಕಲಿಸುವ ಸರ್ಕಾರಿ ನೌಕರರು. ಸಣ್ಣ ಮೈ, ದೊಡ್ಡ ಕನ್ನಡಕ, ಕ್ಯಾರಿಯರ್ ಮೇಲೆ ಒಂದು ಮರದ ಪೆಟ್ಟಿಗೆ. ಊರಿನ ಮುಂದೆ ಪೆಟ್ಟಿಗೆ ಇಳಿಸಿದಾಗ ಅದು ಸ್ವಲ್ಪ ಅಲುಗಿ, ಒಳಗಿದ್ದ ತುಡುವೆ ಜೇನು ರೊಚ್ಚಿಗೆದ್ದು ಹೊರಗೆ ಬಂತು. ನೆರೆದಿದ್ದ ಜನವೆಲ್ಲ ಶಿಡ್ಲಘಟ್ಟ ಸೇರುವವರೆಗೂ ಹಿಂತಿರುಗಿ ನೋಡಲಿಲ್ಲ. ಬಯ್ಯಪ್ಪ ಮಾತ್ರ ಸೋಮಾರಿತನದಿಂದ ಏಳದೆ ಅಲ್ಲೇ ಕೂತು ಬೀಡಿ ಎಳೆಯುತ್ತಿದ್ದ. ಹೊಗೆ ತಾಗಿದ ಜೇನು ಒಂದೊಂದಾಗಿ ಪೆಟ್ಟಿಗೆಯೊಳಕ್ಕೆ ಹೋದವು.

"ಮೇಷ್ಟ್ರೇ, ನನ್ನ ಬೀಡಿ ಇವಕ್ಕೆ ಆಗಿಬರುತ್ತಾ?" ಅಂದ ಬಯ್ಯಪ್ಪ.

"ಹೊಗೆ ಕಂಡ್ರೆ ತೆಪ್ಪಗಾಗ್ತವೆ. ತೆಂಗಿನ ನಾರಿನ ಹೊಗೆ ವಾಸಿ. ಬೀಡೀನೂ ಒಂದೆರಡು ದಮ್ಮಾದ್ರೆ ಪರವಾಗಿಲ್ಲ."

ಹುಟ್ಟಿದಾಗಿನಿಂದ ಅವನ ಬೀಡಿಯನ್ನು ಮೆಚ್ಚಿದ ಮೊದಲ ಪ್ರಾಣಿ ಆ ಜೇನು. ಪೆಟ್ಟಿಗೆ ಅಂದೇ ಅವನ ಅಂಗಳಕ್ಕೆ ಬಂತು.

ಅವನು ಪೆಟ್ಟಿಗೆಯ ನಾಲ್ಕು ಕಾಲನ್ನೂ ನೀರು ತುಂಬಿದ ಕಲ್ಲಿನ ಬಟ್ಟಲಲ್ಲಿ ನಿಲ್ಲಿಸಿದ್ದು ನೋಡಿ ಮೇಷ್ಟ್ರು ಬೆರಗಾದರು. "ಇರುವೆ ಹತ್ತಬಾರದು ಅಂತ ನಾನೇ ಹೇಳೋಣಾಂತಿದ್ದೆ. ಯಾರು ಕಲಿಸಿದ್ರು ಬಯ್ಯಪ್ಪನವರೇ?"

"ಹುಳದ ಮನೇಲಿ ತಟ್ಟೆ ಜೋಡಿಸೋ ಕಾಲಿಗೆ ಹೀಗೇ ಸ್ವಾಮಿ."

"ಶಾಬಾಸ್," ಅಂದು ಮೇಷ್ಟ್ರು ಸೈಕಲ್ ಹತ್ತಿದರು. ಅವರು ಆ ಶಾಬಾಸ್ ಹೇಳಬಾರದಿತ್ತು. ಹುಳ ಸಾಕುವುದೂ ಜೇನು ಸಾಕುವುದೂ ಒಂದೇ ಅಂತ ಬಯ್ಯಪ್ಪನಿಗೆ ಖಾತ್ರಿಯಾಗಿಹೋಯಿತು.

ಹುಳಕ್ಕೆ ದಿನಕ್ಕೆ ಐದು ಸಲ ಸೊಪ್ಪು ಹಾಕಬೇಕು, ಹಿಕ್ಕೆ ತೆಗೆಯಬೇಕು, ಮೈ ಮುಟ್ಟಿ ನೋಡಬೇಕು. ಬಯ್ಯಪ್ಪ ದಿನಕ್ಕೆ ಐದು ಸಲ ಪೆಟ್ಟಿಗೆ ಮುಚ್ಚಳ ತೆಗೆದ. ಮೇಣದ ಎರಿಗಳನ್ನು ಒಂದೊಂದಾಗಿ ಎತ್ತಿ, ಕೋಳಿಗರಿಯಲ್ಲಿ ಜೇನನ್ನು ಸವರಿ, ತಳ ಗುಡಿಸಿ, ಯೋಗಕ್ಷೇಮ ವಿಚಾರಿಸಿದ. ಒಂಬತ್ತನೇ ದಿನ ಬೆಳಿಗ್ಗೆ ಇಡೀ ಸಂಸಾರ ಒಂದೇ ಏಟಿಗೆ ಎದ್ದು ಹೋಯಿತು. ಅದು ಹಾರಿದ ರಭಸಕ್ಕೆ ನಾಚಿಕೊಂಡು ನಮ್ಮ ಸಣ್ಣ ರೈಲು ಅವತ್ತು ಚಿಂತಾಮಣಿಗೆ ಹೋಗಲೇ ಇಲ್ಲ.

ಮೇಷ್ಟ್ರು ಎರಡನೇ ಸಂಸಾರ ತಂದರು. ಈ ಸಲ ಉಪಚಾರ ಸಾಲದೇ ಹೋಯಿತೇನೋ ಅಂತ ಬಯ್ಯಪ್ಪ ದಿನಕ್ಕೆ ಏಳು ಸಲ ತೆಗೆದ. ಏಳನೇ ದಿನಕ್ಕೆ ಪೆಟ್ಟಿಗೆ ಖಾಲಿ.

"ನಿಮ್ಮ ಮನೆ ಮಾಳಿಗೇನ ದಿನಕ್ಕೆ ಏಳು ಸಲ ಕಿತ್ತು, ಊಟ ಆಯ್ತಾ ಅಂತ ಕೇಳಿದ್ರೆ ನೀವಿರ್ತೀರಾ?" ಮೇಷ್ಟ್ರು ತಲೆ ಚಚ್ಚಿಕೊಂಡರು. "ಹತ್ತು ದಿನಕ್ಕೊಂದು ಸಲ ನೋಡಿದ್ರೆ ಸಾಕು ರೀ!"

"ಹತ್ತು ದಿನ ನೋಡದೆ ಇರೋಕೆ ಅವೇನು ನೆಂಟರಾ ಸ್ವಾಮಿ?"

ಕೊಡೋಕೆ ಇನ್ನು ನನ್ನ ಹತ್ತಿರ ಜೇನಿಲ್ಲ ಅಂದುಬಿಟ್ಟರು ಮೇಷ್ಟ್ರು. ಆದರೆ ಮನಸ್ಸು ಮೆತ್ತಗೆ. ಯುಗಾದಿ ಕಳೆದ ಮೇಲೆ, ನಂದಿ ರೈಲು ನಿಲ್ದಾಣದ ಹತ್ತಿರ ಹುಣಸೇಮರದ ಪೊಟರೆಯಲ್ಲಿ ಜೇನು ಕೂತಿದೆ, ಬೇಕಾದರೆ ಹಿಡಿಯೋಣ ಬನ್ನಿ ಅಂದರು. ಹೊರಟು ನಿಂತ ಗಂಡನ ಮುಂದೆ ಕೊಂಡಮ್ಮ ಬಂದು ನಿಂತಳು. ಅವಳ ತವರು ಚೇಳೂರು ಕಡೆ, ಅಲ್ಲಿನ ತೆಲುಗು ನಾಲಿಗೆ ತುದಿಯಲ್ಲೇ ಇರುತ್ತಿತ್ತು.

"ಪೋನೀ, ಹೋಗ್ಲಿ, ಇದೊಂದು ಸಲ ನೋಡು. ಇದೂ ಓಡಿಹೋದ್ರೆ ಆ ಪೆಟ್ಟಿಗೇಲಿ ನಾನು ಹುಣಸೇಹಣ್ಣು ತುಂಬ್ತೀನಿ. ಒಳ್ಳೇ ಮರ, ಬಿಗಿಯಾದ ಮುಚ್ಚಳ. ನೀನು ಚಿಂತಾಮಣಿಗೆ ಹೋಗಿ ನನ್ನ ತಮ್ಮನ ಆಲೂಗಡ್ಡೆ ಮಂಡೀಲಿ ಮೂಟೆ ಕಾಯಿ."

"ನಿನ್ನ ತಮ್ಮನ ಹತ್ತಿರವಾ? ಮದುವೇಲಿ ನಾನು ಅವನ ಮೂಗು ಒರೆಸಿದ್ದೀನಿ ಕಣೇ!"

"ಈಗ ಅವನು ನಿನ್ನ ಬಾಯಿ ಒರೆಸ್ತಾನೆ. ಹೋಗು."

ಬಾಮೈದನ ಕೈಕೆಳಗೆ ಕೂಲಿ ಅಂದರೆ ನಮ್ಮ ಕಡೆ ಗಂಡಸಿಗೆ ಮೀಸೆ ಬೋಳಿಸಿ ಮೆರವಣಿಗೆ ಮಾಡಿದ ಹಾಗೆ. ಬಯ್ಯಪ್ಪ ಹೋಗಿ ಮೇಷ್ಟ್ರ ಸೈಕಲ್ಲಿನ ಹಿಂದೆ ಕೂತ.

ನಂದಿಯಲ್ಲಿ ಪೊಟರೆಯ ಎರಿಗಳನ್ನು ಕೊಯ್ದು, ಬಾಳೆನಾರಿನಲ್ಲಿ ಚೌಕಟ್ಟಿಗೆ ಕಟ್ಟಿದರು. ರಾಣಿ ಸಿಕ್ಕಿತು. ಅದನ್ನು ಇಡೋಕೆ ಮೇಷ್ಟ್ರ ಹತ್ತಿರ ಏನೂ ಇರಲಿಲ್ಲ. "ನಿಮ್ಮ ಬೆಂಕಿಪೊಟ್ಟಣ ಕೊಡಿ" ಅಂದರು. ಬಯ್ಯಪ್ಪ ಕಡ್ಡಿಗಳನ್ನೆಲ್ಲ ಸುರಿದು, ಪೊಟ್ಟಣದಲ್ಲಿ ರಾಣಿಯನ್ನಿಟ್ಟು, ಗಾಳಿಯಾಡುವಷ್ಟು ಸಂದು ಬಿಟ್ಟು, ಎದೆಯ ಜೇಬಿನಲ್ಲಿಟ್ಟುಕೊಂಡ. ಗೀರಲು ಪೊಟ್ಟಣವಿಲ್ಲದ ಮೇಲೆ ಕಡ್ಡಿ ಇದ್ದೇನು, ಬೀಡಿ ಇದ್ದೇನು? ರಾಣಿಗೆ ಘಾಟು ಬಡಿದೀತೆಂದು ಹೊಗೆಸೊಪ್ಪನ್ನೂ ಹಾಕಲಿಲ್ಲ. ನಂದಿಯಿಂದ ಜಂಗಮಕೋಟೆಯವರೆಗೆ ಅವನ ಬಾಯಿ ಖಾಲಿ. ಹೇಳಿದೆನಲ್ಲ, ಎರಡನೇ ಸಲ ಅಂತ.

ಸಂಜೆ ಜೇನನ್ನು ಪೆಟ್ಟಿಗೆಗೆ ಬಿಟ್ಟು ಮೇಷ್ಟ್ರು ಹೋದರು. ಮಾರನೇ ದಿನ ಸೂರ್ಯ ಮೂಡುವ ಮೊದಲೇ ಬಯ್ಯಪ್ಪನ ಕೈ ಮುಚ್ಚಳದ ಮೇಲಿತ್ತು. ಹಿಂದೆ ಕೊಂಡಮ್ಮ ನಿಂತಿದ್ದಳು.

"ಏನಯ್ಯಾ ಮಾಡ್ತಿದ್ದೀಯಾ?"

"ಹೇಗಿದಾವೋ ನೋಡ್ತೀನಿ ಕಣೇ. ನೀನು ಹುಳ ನೋಡಲ್ವಾ ಐದು ಸಲ?"

"ನೋಡ್ತೀನಿ. ಜ್ವರಕ್ಕೆ ಕೂತಾಗ ನೋಡ್ತೀನಾ?"

ಹುಳ ಹಳೇ ಚರ್ಮ ಕಳಚುವುದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ಗೂಡು ಕಟ್ಟುವುದರೊಳಗೆ ಹುಳ ನಾಲ್ಕು ಸಲ ಜ್ವರಕ್ಕೆ ಕೂರುತ್ತೆ. ಆ ಹೊತ್ತಿನಲ್ಲಿ ಸೊಪ್ಪು ಹಾಕುವ ಹಾಗಿಲ್ಲ, ತಟ್ಟೆ ಅಲುಗಿಸುವ ಹಾಗಿಲ್ಲ, ಬಾಗಿಲಲ್ಲಿ ಕೆಮ್ಮುವ ಹಾಗೂ ಇಲ್ಲ. ಇದು ರೇಷ್ಮೆ ಊರಿನ ತೊಟ್ಟಿಲ ಕೂಸಿಗೂ ಗೊತ್ತು.

"ಇವು ವರ್ಷ ಪೂರ್ತಿ ಜ್ವರಕ್ಕೆ ಕೂತಿವೆ ಅಂತ ತಿಳ್ಕೊ," ಅಂದಳು ಕೊಂಡಮ್ಮ.

ಮೇಷ್ಟ್ರು ಆರು ತಿಂಗಳಲ್ಲಿ ಹೇಳಿಕೊಡಲಾಗದ್ದು ಆ ಒಂದು ಮಾತಿಗೆ ಬಯ್ಯಪ್ಪನ ತಲೆಗೆ ಹೋಯಿತು. ಕೈ ಕೆಳಗಿಳಿಯಿತು. ಅವಳು ಸುಣ್ಣ ತಂದು ಪೆಟ್ಟಿಗೆಯ ಸುತ್ತಲೂ ಒಂದು ಗೆರೆ ಎಳೆದಳು.

ಆಮೇಲೆ ಅವನು ಗೆರೆಯಾಚೆ ಕೂತು ಜೇನು ನೋಡುವುದು ಕಲಿತ. ಮುಚ್ಚಳ ತೆಗೆಯದೆ ಒಳಗಿನ ಸುದ್ದಿ ಬಾಗಿಲಲ್ಲೇ ಸಿಗುತ್ತಿತ್ತು. ಕಾಲಿಗೆ ಹೂವಿನ ಪುಡಿ ಮೆತ್ತಿಕೊಂಡು ಬರುತ್ತಿದ್ದರೆ ಒಳಗೆ ಮರಿಗಳಿವೆ, ರಾಣಿ ಮೊಟ್ಟೆ ಇಡುತ್ತಿದೆ. ಪಕ್ಕಕ್ಕೆ ಕಿವಿ ಕೊಟ್ಟು ಬೆರಳಲ್ಲಿ ತಟ್ಟಿದರೆ ಒಂದೇ ಉಸಿರಿಗೆ ಗುಂಯ್ ಅಂದು ಸುಮ್ಮನಾದರೆ ಕ್ಷೇಮ. ಅಳುಬುರುಕ ದನಿ ಎಳೆದರೆ ರಾಣಿಗೇನೋ ಆಗಿದೆ. ಹತ್ತು ದಿನಕ್ಕೊಮ್ಮೆ ಮುಚ್ಚಳ ತೆಗೆಯುವ ದಿನವನ್ನು ಹಬ್ಬದ ಹಾಗೆ ಕಾಯುತ್ತಿದ್ದ, ತಲೆಗೆ ಎಣ್ಣೆ ಕೂಡ ಹಚ್ಚಿಕೊಳ್ಳುತ್ತಿದ್ದ.

ಆಷಾಢ ಬಂತು. ಗಾಳಿ ಹೇಗೆ ಬೀಸಿತೆಂದರೆ ಗೌರಿಬಿದನೂರಿನ ಕೋಳಿಗಳು ನಮ್ಮೂರಿಗೆ ಬಂದು ಮೊಟ್ಟೆ ಇಟ್ಟು ಹೋದವು. ಹೊಲದಲ್ಲಿ ಒಂದು ಹೂವಿಲ್ಲ. ಬಯ್ಯಪ್ಪ ಸಂಜೆ ಹೊತ್ತು ಸಕ್ಕರೆ ಪಾಕ ಕಾಸಿ, ಆರಿಸಿ, ಪೆಟ್ಟಿಗೆಯೊಳಗೆ ಇಡುತ್ತಿದ್ದ. ಆದರೂ ಸದ್ದು ದಿನೇದಿನೇ ಇಳಿಯಿತು. ಒಂದು ಬೆಳಿಗ್ಗೆ ಬಾಗಿಲ ಹಲಗೆ ಮೇಲೆ ಮೇಣದ ಪುಡಿ, ಅದರಲ್ಲಿ ಜೇಡರಬಲೆಯಂಥ ಎಳೆ ಕಂಡಿತು. ಹತ್ತನೇ ದಿನಕ್ಕೆ ಇನ್ನೂ ಆರು ದಿನ ಇತ್ತು.

"ಕೊಂಡಮ್ಮಾ, ಮುಚ್ಚಳ ತೆಗೀಬೇಕು ಕಣೇ."

"ಶುರುವಾಯ್ತಾ ಕೈ ಕಡಿತ?"

"ಕಡಿತ ಅಲ್ಲ. ಮೇಣದ ಹುಳ ಬಿದ್ದಿದೆ. ಬಿಟ್ರೆ ಎರಿ ಎಲ್ಲ ತಿಂದು ಹಾಕುತ್ತೆ, ಜೇನು ಎದ್ದುಹೋಗುತ್ತೆ. ತೆಗೆದ್ರೂ ಬೇಜಾರಾಗಿ ಎದ್ದುಹೋಗಬಹುದು. ನನಗೆ ದಿಕ್ಕು ತೋಚ್ತಿಲ್ಲ." ಅವನ ಕಣ್ಣಿಗೆ ಆಗಲೇ ಚಿಂತಾಮಣಿಯ ಮೂಟೆಗಳು ಕಾಣುತ್ತಿದ್ದವು.

ಕೊಂಡಮ್ಮ ಬಗ್ಗಿ ಪುಡಿಯನ್ನು ಬೆರಳಿಗೆ ಹತ್ತಿಸಿಕೊಂಡು ನೋಡಿದಳು. ಈ ಸಲ ಅಣಕಿಸಲಿಲ್ಲ.

"ತಟ್ಟೇಲಿ ಒಂದು ಹುಳ ಕೊಳೆತ್ರೆ ಜ್ವರ ಅಂತ ಬಿಟ್ಟು ಕೂರ್ತೀವಾ? ಅಲುಗಿಸದ ಹಾಗೆ ತೆಗೆದು ಹಾಕ್ತೀವಿ. ನಡಿ. ನೀನು ಹೊಗೆ ಹಾಕು. ಎರಿ ನಾನು ಎತ್ತುತ್ತೀನಿ. ನಿನ್ನ ಕೈ ಮರ ಕಡಿಯೋ ಕೈ."

ಹೀಗೆ ಗಂಡ ಹೆಂಡತಿ ಮೂರು ವರ್ಷದ ಮೇಲೆ ಒಟ್ಟಿಗೆ ಒಂದು ಕೆಲಸ ಮಾಡಿದರು. ಅವನು ತೆಂಗಿನ ನಾರು ಹಚ್ಚಿ ಊದಿದ. ಅವಳು ಎರಿ ಎತ್ತಿದಳು. ಕೂದಲೆಳೆಯಷ್ಟು ಸಣ್ಣ ಹುಳವನ್ನೂ ನೋಯಿಸದೆ ತಟ್ಟೆಯಿಂದ ತಟ್ಟೆಗೆ ದಾಟಿಸಿದ ಕೈ ಅದು. ಎರಿ ಮೇಲಿನ ಜೇನಿಗೆ ತಾವು ಮೇಲೆದ್ದದ್ದೇ ತಿಳಿಯಲಿಲ್ಲ. ಬಲೆ ಹಿಡಿದ ಎರಡು ಹಳೇ ಎರಿಗಳನ್ನು ತೆಗೆದು ಒಲೆಗೆ ಹಾಕಿದಳು. ತಳ ಹಲಗೆಯನ್ನು ಕೆರೆದು ಬಿಸಿಲಿಗಿಟ್ಟು ಬೇರೆ ಹಲಗೆ ಕೊಟ್ಟಳು. ಉಳಿದ ಎರಿಗಳನ್ನು, ಜೇನು ಒತ್ತಾಗಿ ಮುಚ್ಚಿಕೊಳ್ಳುವ ಹಾಗೆ, ಹತ್ತಿರಕ್ಕೆ ಸರಿಸಿದಳು. ಕಾಲು ಗಂಟೆಯಲ್ಲಿ ಕೆಲಸ ಮುಗಿಯಿತು. ಕಚ್ಚಿದ್ದು ಒಂದೇ ಜೇನು, ಅದೂ ಬಯ್ಯಪ್ಪನ ಮೂಗಿಗೆ. ಆ ಮೂಗು ಊದಿ ಊದಿ ಮೂರು ದಿನ ಅವನು ಬಾಗಿಲಲ್ಲಿ ಅಡ್ಡಡ್ಡ ಹೋಗಬೇಕಾಯಿತು.

ಆ ಮೂರು ದಿನವೂ ಅವನಿಗೆ ಅನ್ನ ಸೇರಲಿಲ್ಲ. ಗೆರೆಯಾಚೆ ಕೂತವನು ಬೀಡಿ ಹಚ್ಚಿ, ಎಳೆಯೋದು ಮರೆತು, ಬೆರಳು ಸುಟ್ಟುಕೊಳ್ಳುತ್ತಿದ್ದ. ನಾಲ್ಕನೇ ಬೆಳಿಗ್ಗೆ ಒಂದು ಜೇನು ಬಾಗಿಲಿಗೆ ಬಂದು ಕೂತಿತು. ಕಾಲಿನಲ್ಲಿ ಸಾಸಿವೆ ಕಾಳಷ್ಟು ಹಳದಿ ಪುಡಿ.

"ಬಂತು ಕಣೇ! ಮರಿಗೆ ಊಟ ಬಂತು!"

ಅವನು ಕೂಗಿದ ಕೂಗಿಗೆ ಚಿಂತಾಮಣಿಯಲ್ಲಿ ಬಾಮೈದನ ತಕ್ಕಡಿ ತಾನಾಗಿ ಒಂದು ಕಡೆ ವಾಲಿತಂತೆ.

ಕಾರ್ತೀಕದ ಹೊತ್ತಿಗೆ ರಾಗಿ ಹೊಲಗಳಲ್ಲಿ ನಡುನಡುವೆ ಬಿತ್ತಿದ ಅಕ್ಕಡಿ ಸಾಲಿನ ಹುಚ್ಚೆಳ್ಳು ಹೂ ಬಿಟ್ಟು ಊರು ಅರಿಸಿನ ಹಚ್ಚಿದ ಮದುಮಗಳ ಹಾಗಾಯಿತು. ಪೆಟ್ಟಿಗೆ ತುಂಬಿತು. ಮೊದಲ ಸಲ ತೆಗೆದ ಜೇನುತುಪ್ಪದಲ್ಲಿ ಬಯ್ಯಪ್ಪ ಅರ್ಧ ಪೆಟ್ಟಿಗೆಗೇ ಬಿಟ್ಟ. ಹುಳದ ಹಾಗೆ ಗೂಡನ್ನೆಲ್ಲ ದೋಚಿದರೆ ಮುಂದಿನ ಆಷಾಢಕ್ಕೆ ಅವು ಏನು ತಿನ್ನಬೇಕು? ಕೊಂಡಮ್ಮ ಬೆರಳದ್ದಿ ನೆಕ್ಕಿ, "ಬೀಡಿ ವಾಸನೆ" ಅಂದಳು. ಅಂದುಕೊಂಡೇ ಇಡೀ ಬಟ್ಟಲು ಮುಗಿಸಿದಳು.

ಗೆದ್ದ ಗಂಡಸು ಉದಾರಿಯಾಗುತ್ತಾನೆ. ಹೆಂಡತಿಗೆ ಹುಣಸೇಹಣ್ಣಿನ ಪೆಟ್ಟಿಗೆ ತಪ್ಪಿತಲ್ಲ ಅಂತ ಬಯ್ಯಪ್ಪ ಬಡಗಿ ಚೆನ್ನರಾಯಪ್ಪನಿಗೆ ಹೇಳಿ ಅಂಥದ್ದೇ ಇನ್ನೊಂದು ಮಾಡಿಸಿದ. ಚೆನ್ನರಾಯಪ್ಪ ಕೊಟ್ಟ ಅಳತೆಯನ್ನು ಕಣ್ಣು ಮುಚ್ಚಿ ಪಾಲಿಸುವ ಮನುಷ್ಯ. ಜೇನಿನ ಬಾಗಿಲ ಸಂದನ್ನೂ ಬಿಡದೆ ಕೊರೆದಿದ್ದ. ಕೊಂಡಮ್ಮ ಅದನ್ನು ಗಾಳಿಯಾಡಲಿ ಅಂತ ಜಗಲಿಯ ಮೇಲಿಟ್ಟು, ಅಂಗಳದಲ್ಲಿ ಕೂತು ಹೊಸ ಹುಣಸೇಹಣ್ಣಿನ ಬೀಜ ಬಿಡಿಸತೊಡಗಿದಳು.

ಸಂಕ್ರಾಂತಿ ಕಳೆದಿತ್ತು. ಬಯ್ಯಪ್ಪನ ಜೇನು ತುಂಬಿ ತುಳುಕಿ, ಅರ್ಧ ಸಂಸಾರ ಹಳೇ ರಾಣಿಯ ಸಮೇತ ಪಾಲಾಗಿ ಹೊರಟಿತು. ಅಂಗಳದ ಮೇಲೆ ಎರಡು ಸುತ್ತು ಹಾಕಿತು. ಬಯ್ಯಪ್ಪ ಕತ್ತೆತ್ತಿ ಅದರ ಜೊತೆಗೇ ಎರಡು ಸುತ್ತು ತಿರುಗಿದ. ಜೇನಿನ ಗುಂಪು ನೇರವಾಗಿ ಜಗಲಿಗೆ ಇಳಿದು, ಚೆನ್ನರಾಯಪ್ಪ ಕೊರೆದ ಸಂದಿನಲ್ಲಿ ಒಂದೊಂದಾಗಿ ಒಳಗೆ ಹೋಯಿತು.

"ನಿನ್ನ ಪೆಟ್ಟಿಗೆ ಕಣೇ," ಅಂದ ಬಯ್ಯಪ್ಪ, ಅಪರಾಧಿಯ ಹಾಗೆ. "ಬೇಕಾದ್ರೆ ತೆಗೆದು ನೋಡಲಾ?"

ಕೊಂಡಮ್ಮ ಹುಣಸೇಹಣ್ಣಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದಳು. ಒಳಗಿಂದ ಸುಣ್ಣದ ಬಟ್ಟಲು ತಂದು, ಅವನ ಜಗಲಿಯ ಸುತ್ತ, ಅವನು ಎರಡು ವರ್ಷ ಕೂತು ಸವೆಸಿದ ಗುಳಿಯನ್ನೂ ಸೇರಿಸಿ, ಗೆರೆ ಎಳೆದಳು.

"ಮುಟ್ಟೀಯಾ ಮತ್ತೆ. ಜ್ವರಕ್ಕೆ ಕೂತಿವೆ. ನೀನು ಇನ್ನು ಅಂಗಳದಲ್ಲಿ ಕೂತ್ಕೊ."

ಆ ವರ್ಷವೂ ಹುಣಸೇಹಣ್ಣು ಹಳೇ ಮಡಕೆಗೇ ಹೋಯಿತು.