ಹುಲ್ಲು ಕಾಪಾಡಿದ ವಾಸನೆ

ಬೆಳಗಿನ ಮಂಜು ಇನ್ನೂ ಮೊಣಕಾಲಿನ ಮಟ್ಟದಲ್ಲಿ ತೂಕಡಿಸುತ್ತಿದೆ. ಆಕೆ ಕುಕ್ಕರಗಾಲಿನಲ್ಲಿ ಕುಳಿತು ಒದ್ದೆ ಹುಲ್ಲಿಗೆ ಅಂಗೈ ಒತ್ತುತ್ತಾರೆ. ಆಮೇಲೆ ಗಾಳಿಯ ದಿಕ್ಕು ನೋಡಲು ಡಬ್ಬಿಯಿಂದ ಚಿಟಿಕೆ ಪೌಡರ್ ತೆಗೆದು ಬಿಡುತ್ತಾರೆ. ಅದು ಅವಸರವಿಲ್ಲದೆ ತಗ್ಗಿನ ಕಡೆ ತೇಲುತ್ತದೆ. ಪಕ್ಕದಲ್ಲಿ ಕಂದು ನಾಯಿ ಆಕಳಿಸುತ್ತಿದೆ. ಹೆಸರು ಮುದುಕಿ, ವಯಸ್ಸು ಬರೀ ಐದು.

ನಿನ್ನೆ ಸಂಜೆ ವಾಕಿಂಗ್ ಹೋದ ಮರೆವಿನ ಮೇಷ್ಟ್ರು ಮನೆಗೆ ಬಂದಿಲ್ಲ. ಅವರ ಮಗಳು ನಾಯಿಗೆ ಮೂಸಿಸಲು ಅಪ್ಪನ ದಿಂಬಿನ ಕವರ್ ಹಿಡಿದು ನಿಂತಿದ್ದಾರೆ.

"ಬೇಗ ಅಕ್ಕಾ, ಅಪ್ಪನ ಮೈಮೇಲೆ ಸ್ವೆಟರ್ ಕೂಡ ಇಲ್ಲ."

"ಹೊರಟ್ವಿ ಕಣಮ್ಮ. ಬಿಸಿಲೇರಿದ್ರೆ ಈ ಹುಲ್ಲು ಬಾಯಿ ಮುಚ್ಕೊಳ್ಳುತ್ತೆ."

ವಾಸನೆಯ ಬೆನ್ನು ಹತ್ತುವ ಇವರು ಊರಿಗೆಲ್ಲ ಮೂಗಕ್ಕ. ನಾಯಿಯೊಡನೆ ಕಳೆದುಹೋದವರನ್ನು ಹುಡುಕುವುದೇ ಇವರ ಕೆಲಸ. ಹದಿನಾರು ವರ್ಷ, ಮೂರು ನಾಯಿ, ಸಿಕ್ಕವರು ನಲವತ್ತೊಂದು ಮಂದಿ. ಪತ್ರಿಕೆಯಲ್ಲಿ ಫೋಟೊ ಬಂದದ್ದು ಮಾತ್ರ ನಾಯಿಗಳದ್ದು. "ಅವು ನೋಡೋಕೂ ಚೆನ್ನಾಗಿದಾವಲ್ಲ," ಎಂದು, ತಮ್ಮ ಬಗ್ಗೆ ಬರೆಯಲು ಜೊತೆಗೆ ಬಂದಿರುವ ನನ್ನನ್ನು ನೋಡಿ ನಗುತ್ತಾರೆ. ಮಧ್ಯಾಹ್ನದ ರಸ್ತೆ ಎಂದರೆ ಮುಖ ಸಿಂಡರಿಸುತ್ತಾರೆ.

"ಕಾದ ಡಾಂಬರಲ್ಲಿ ವಾಸನೆ ನಿಲ್ಲಲ್ಲ. ಜೋರು ಮಳೆ ತೊಳ್ಕೊಂಡ್ ಹೋಗುತ್ತೆ. ಇಬ್ಬನಿ ಹುಲ್ಲು, ನೆರಳಲ್ಲಿರೋ ತರಗೆಲೆ, ಇವು ಮಡಿಲಲ್ಲಿ ಕಟ್ಕೊಂಡು ಕೂತಿರ್ತವೆ."

ಅವರ ಮನಸ್ಸಿನಲ್ಲೊಂದು ಮುಳ್ಳಿದೆ. ಹಿಂದೊಮ್ಮೆ, ಇದೇ ರೀತಿ ಹುಡುಕುತ್ತಿದ್ದಾಗ, ಮೊದಲ ನಾಯಿ ಕಾಲುದಾರಿ ಬಿಟ್ಟು ಹುಲ್ಲಿಗಿಳಿಯಿತು. ಹೆಜ್ಜೆಗುರುತು ದಾರಿಯಲ್ಲೇ ಇತ್ತು, ಇವರು ಹಗ್ಗ ಜಗ್ಗಿ ನಾಯಿಯನ್ನು ವಾಪಸ್ ಎಳೆದರು. ಆ ಹೆಜ್ಜೆ ಬೇರೆ ಯಾರದೋ. ಕಳೆದುಹೋಗಿದ್ದ ಹೆಂಗಸು ತಗ್ಗಿನಲ್ಲೇ ಇದ್ದರು.

"ಸಿಗೋ ಹೊತ್ತಿಗೆ ಉಸಿರಿರ್ಲಿಲ್ಲ. ನಾಯಿ ಸರಿಯಾಗೇ ಹೋಗ್ತಿತ್ತು. ನಾನು ಬುದ್ಧಿವಂತೆ ಆಗೋಕೆ ಹೋದೆ."

ಈಗ ಮುದುಕಿಯೂ ದಾರಿ ಬಿಟ್ಟು ಹುಲ್ಲಿಗಿಳಿಯುತ್ತಾಳೆ. ಮಣ್ಣಿನ ಮೇಲೆ ಚಪ್ಪಲಿ ಗುರುತು ನೇರವಾಗಿ ಸೇತುವೆಯ ಕಡೆ ಹೋಗಿದೆ.

"ಇಲ್ಲಿ ಅಕ್ಕಾ! ಅಪ್ಪನ ಚಪ್ಪಲಿ ಥರಾನೇ ಇದೆ!" ಮಗಳು ಕೂಗುತ್ತಾರೆ.

ಮೂಗಕ್ಕನ ಮುಷ್ಟಿ ಬಿಗಿಯುತ್ತದೆ. ಆಮೇಲೆ ಸಡಿಲವಾಗುತ್ತದೆ. ಹಗ್ಗ ಹುಲ್ಲಿನ ಮೇಲೆ ಹರಿಯುತ್ತದೆ. ನಾವು ಮಂಜಿನೊಳಗೆ ಇಳಿಯುತ್ತೇವೆ. ನನ್ನ ಕಾಲೇ ನನಗೆ ಕಾಣುತ್ತಿಲ್ಲ, ನಿದ್ದೆಯಲ್ಲಿ ನಡೆದ ಹಾಗಿದೆ. ಎಷ್ಟು ಹೊತ್ತು ನಡೆದೆವೋ ಗೊತ್ತಿಲ್ಲ. ನನಗಂತೂ ಭಯವಾಗಿತ್ತು.

ಪೊದೆಯ ಬುಡದಲ್ಲಿ, ತರಗೆಲೆ ನಡುವೆ ಮುದುಡಿಕೊಂಡು ಮೇಷ್ಟ್ರು ಕುಳಿತಿದ್ದಾರೆ. ನಡುಗುತ್ತಲೇ ಮುದುಕಿಯನ್ನು ಗದರುತ್ತಾರೆ: "ಕ್ಲಾಸಿಗೆ ಬರೋ ಹೊತ್ತಾ ಇದು?"

ಮಗಳು ಅಳುತ್ತಾ ನಗುತ್ತಾ ಅಪ್ಪನನ್ನು ತಬ್ಬಿಕೊಳ್ಳುತ್ತಾರೆ. ಬಿಸಿಲೇರಿ ಹುಲ್ಲು ಒಣಗತೊಡಗುತ್ತದೆ. ನಿಮ್ಮ ಬಗ್ಗೆ ಏನು ಬರೆಯಲಿ ಎಂದು ಕೇಳುತ್ತೇನೆ. ಮೂಗಕ್ಕ ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಳ್ಳುತ್ತಾರೆ.

"ಇವತ್ತು ನಾನು ಹಗ್ಗ ಎಳೀಲಿಲ್ಲ. ಅಷ್ಟು ಬರ್ಕೊಳ್ಳಿ, ಸಾಕು."